ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ: ಆಕಾಶಮಾರ್ಗದ ದೂರ ಮತ್ತು ಪ್ರಯಾಣದ ಕಾಲ

ದೂರವನ್ನು ದಿನಗಳಲ್ಲಿ ಹೇಳುವ ರೂಢಿ ನಮ್ಮಲ್ಲಿ ಬಹುಕಾಲ ಇದ್ದಿತು. ಹರದಾರಿ, ಗಾವುದ, ಯೋಜನಗಳೆಂಬ ಅಳತೆಗಳು ಬಳಕೆಯಲ್ಲಿದ್ದರೂ ಇಂಥ ಕ್ಷೇತ್ರ ಎರಡು ದಿನದ ದಾರಿ, ಇಂಥ ಪಟ್ಟಣ ಐದು ದಿನದ ದಾರಿ ಎಂದರೆ ಜನರಿಗೆ ಬೇಗ ತಿಳಿಯುತ್ತಿತ್ತು. ರೈಲು ಹಾಗೂ ಹೆದ್ದಾರಿಗಳು ಬಂದ ಮೇಲೆ ಮೈಲು, ಕಿಲೋಮೀಟರುಗಳ ಲೆಕ್ಕ ಮುಂದಾಯಿತು. ವಿಮಾನಯಾನವು ಸಾಮಾನ್ಯವಾದ ಮೇಲೆ ಹಳೆಯ ರೂಢಿ ಮರಳಿ ಬಂದಿದೆ. ಅಮೆರಿಕ ಎಷ್ಟು ದೂರ ಎಂದು ಕೇಳಿದರೆ ಇಂದು ಬರುವ ಉತ್ತರ ಕಿಲೋಮೀಟರಿನಲ್ಲಿ ಅಲ್ಲ, ಗಂಟೆಗಳಲ್ಲಿ.

ಆದರೆ ಈ ಗಂಟೆಗಳ ಲೆಕ್ಕ ತೋರುವಷ್ಟು ಸರಳವಲ್ಲ. ಹೋಗುವಾಗ ಹದಿನಾರು ಗಂಟೆ ತೆಗೆದುಕೊಂಡ ದಾರಿ ಬರುವಾಗ ಹದಿನೇಳೂವರೆ ಗಂಟೆಯಾಗಬಹುದು. ಶನಿವಾರ ರಾತ್ರಿ ಹೊರಟವರು ಸೋಮವಾರ ನಸುಕಿನಲ್ಲಿ ಇಳಿಯಬಹುದು. ಹೆಚ್ಚು ದೂರದ ದಾರಿಯಲ್ಲಿ ಹೋದ ವಿಮಾನವೇ ಬೇಗ ತಲುಪಬಹುದು. ಮಕ್ಕಳನ್ನು ಕಾಣಲು ಹೊರಟ ವಯಸ್ಸಾದ ತಂದೆತಾಯಿಗಳಿಗೆ, ಕಾಲೇಜಿನ ಪ್ರವೇಶಕ್ಕೆ ಗೊತ್ತಾದ ದಿನ ಹಾಜರಾಗಬೇಕಾದ ವಿದ್ಯಾರ್ಥಿಗೆ, ಊರಿನಿಂದ ಕಾಯಿಲೆಯ ಸುದ್ದಿ ಬಂದು ಕೂಡಲೇ ಹೊರಡಬೇಕಾದ ಮಗನಿಗೆ ಅಥವಾ ಮಗಳಿಗೆ ಈ ಲೆಕ್ಕವು ಕುತೂಹಲದ ವಿಷಯ ಮಾತ್ರವಲ್ಲ. ಎಂದು ತಲುಪುತ್ತೇವೆ ಎಂಬುದನ್ನು ಸರಿಯಾಗಿ ತಿಳಿಯುವುದು ಅವರಿಗೆ ಅತ್ಯಗತ್ಯ. ಬೆಂಗಳೂರು ಮತ್ತು ಅಮೆರಿಕದ ಪಶ್ಚಿಮ ಕರಾವಳಿಯ ಸ್ಯಾನ್ ಫ್ರಾನ್ಸಿಸ್ಕೋ ನಗರಗಳ ನಡುವಣ ಮಾರ್ಗವನ್ನು ಉದಾಹರಣೆಯಾಗಿಟ್ಟುಕೊಂಡು ಈ ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

ಗೋಲದ ಮೇಲಿನ ನೇರ ದಾರಿ

ಗೋಡೆಗೆ ತೂಗುಹಾಕಿದ ಭೂಪಟದಲ್ಲಿ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಗೆರೆ ಎಳೆದರೆ ಅದು ಅರಬ್ಬೀ ಸಮುದ್ರ, ಆಫ್ರಿಕ, ಅಟ್ಲಾಂಟಿಕ್ ಸಾಗರಗಳನ್ನು ದಾಟಿ ಪಶ್ಚಿಮಕ್ಕೆ ಸಾಗುತ್ತದೆ. ಆದರೆ ದುಂಡಾದ ಭೂಮಿಯನ್ನು ಚಪ್ಪಟೆಯಾದ ಹಾಳೆಯ ಮೇಲೆ ಬಿಡಿಸಿದಾಗ ಆಕಾರವೂ ಅಂತರವೂ ಹಿಗ್ಗುತ್ತವೆ. ಧ್ರುವಗಳ ಸಮೀಪದಲ್ಲಂತೂ ಈ ಹಿಗ್ಗುವಿಕೆ ಬಹಳ. ಆದುದರಿಂದ ಭೂಪಟದಲ್ಲಿ ನೇರವಾಗಿ ಕಾಣುವ ಗೆರೆ ನಿಜವಾಗಿ ಹತ್ತಿರದ ದಾರಿಯಲ್ಲ.

ನಿಜವಾದ ಹತ್ತಿರದ ದಾರಿಯನ್ನು ತಿಳಿಯಲು ಶಾಲೆಯಲ್ಲಿರುವ ಭೂಗೋಲವನ್ನು ತೆಗೆದುಕೊಂಡು ಎರಡು ಊರುಗಳ ನಡುವೆ ಒಂದು ದಾರವನ್ನು ಬಿಗಿಯಾಗಿ ಎಳೆದು ಹಿಡಿಯಬೇಕು. ದಾರ ನಿಂತ ಗೆರೆಯೇ ಅತಿ ಚಿಕ್ಕ ಮಾರ್ಗ. ಈ ಗೆರೆಯನ್ನು ಎರಡೂ ಕಡೆಗೆ ಮುಂದುವರಿಸಿದರೆ ಅದು ಗೋಲವನ್ನು ಸರಿಯಾಗಿ ಎರಡು ಸಮಭಾಗ ಮಾಡುತ್ತದೆ. ಆದ್ದರಿಂದ ಇದಕ್ಕೆ ಮಹಾವೃತ್ತ ಎಂಬ ಹೆಸರಿದೆ.

ಬೆಂಗಳೂರಿನ ವಿಮಾನ ನಿಲ್ದಾಣವು ಸುಮಾರು 13.2 ಡಿಗ್ರಿ ಉತ್ತರ ಅಕ್ಷಾಂಶದಲ್ಲಿಯೂ ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣವು ಸುಮಾರು 37.6 ಡಿಗ್ರಿ ಉತ್ತರ ಅಕ್ಷಾಂಶದಲ್ಲಿಯೂ ಇವೆ. ರೇಖಾಂಶದ ಲೆಕ್ಕದಲ್ಲಿ ಇವೆರಡರ ಅಂತರ ಸುಮಾರು 160 ಡಿಗ್ರಿ. ಅಂದರೆ ಒಂದು ಊರು ಭೂಮಿಯ ಈ ಮಗ್ಗುಲಲ್ಲಿದ್ದರೆ ಇನ್ನೊಂದು ಬಹುಮಟ್ಟಿಗೆ ಆ ಮಗ್ಗುಲಲ್ಲಿದೆ. ಮಹಾವೃತ್ತದ ಮೇಲೆ ಅಳೆದರೆ ಇವುಗಳ ದೂರ ಸುಮಾರು 14,000 ಕಿಲೋಮೀಟರ್. ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್ ಆಗಿರುವುದರಿಂದ ಯಾವ ಎರಡು ಊರುಗಳ ನಡುವೆಯೂ 20,000 ಕಿಲೋಮೀಟರಿಗಿಂತ ಹೆಚ್ಚಿನ ಅಂತರವಿರುವುದು ಸಾಧ್ಯವಿಲ್ಲ. ಆ ಗರಿಷ್ಠ ಅಂತರದ ಹತ್ತರಲ್ಲಿ ಏಳು ಪಾಲು ಈ ದಾರಿಯಲ್ಲಿದೆ. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಇದೇ ಅಳತೆ ಸುಮಾರು 12,400 ಕಿಲೋಮೀಟರ್, ಮುಂಬಯಿಯಿಂದ ಸುಮಾರು 13,500 ಕಿಲೋಮೀಟರ್ ಆಗುತ್ತದೆ.

ಉತ್ತರ ಧ್ರುವದ ಮೇಲೆ

ಬೆಂಗಳೂರಿನಿಂದ ಹೊರಟ ಮಹಾವೃತ್ತದ ಗೆರೆ ಪೂರ್ವಕ್ಕೂ ಹೋಗುವುದಿಲ್ಲ, ಪಶ್ಚಿಮಕ್ಕೂ ಹೋಗುವುದಿಲ್ಲ. ಅದು ಉತ್ತರಕ್ಕೆ, ತುಸು ಪೂರ್ವದತ್ತ ವಾಲಿಕೊಂಡು ಏರುತ್ತದೆ. ಹಿಮಾಲಯ, ಟಿಬೆಟ್, ಸೈಬೀರಿಯಗಳನ್ನು ದಾಟಿ ಸುಮಾರು 71 ಡಿಗ್ರಿ ಅಕ್ಷಾಂಶವನ್ನು ಮುಟ್ಟಿ, ಅಲ್ಲಿಂದ ಅಲಾಸ್ಕದ ಕಡೆಗೆ ಇಳಿದು ಸ್ಯಾನ್ ಫ್ರಾನ್ಸಿಸ್ಕೋ ತಲುಪುತ್ತದೆ.

ನೇರವಾಗಿ ಉತ್ತರ ಧ್ರುವದ ಮೇಲೆಯೇ ಹಾದುಹೋದರೆ ದೂರ ಎಷ್ಟಾಗುತ್ತದೆ? ಈ ಲೆಕ್ಕವನ್ನು ಶಾಲೆಯ ಮಕ್ಕಳೂ ಮಾಡಬಹುದು. ಬೆಂಗಳೂರಿನಿಂದ ಧ್ರುವಕ್ಕೆ 76.8 ಡಿಗ್ರಿ, ಧ್ರುವದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ 52.4 ಡಿಗ್ರಿ, ಒಟ್ಟು 129.2 ಡಿಗ್ರಿ. ಅಕ್ಷಾಂಶದ ಒಂದು ಡಿಗ್ರಿಗೆ ಸುಮಾರು 111 ಕಿಲೋಮೀಟರಿನಂತೆ ಗುಣಿಸಿದರೆ ಸುಮಾರು 14,350 ಕಿಲೋಮೀಟರ್ ಬರುತ್ತದೆ. ಅತಿ ಚಿಕ್ಕ ಮಾರ್ಗಕ್ಕಿಂತ ಇದು ಹೆಚ್ಚೆಂದರೆ ನಾನೂರು ಕಿಲೋಮೀಟರ್ ಅಧಿಕ.

ಈ ಮಾರ್ಗದಲ್ಲಿ ನಮ್ಮ ದೇಶದ ವಿಮಾನವೊಂದು ಸಂಚರಿಸಿದ್ದು 2021ರ ಜನವರಿಯಲ್ಲಿ. ಅಂದು ಸರ್ಕಾರದ ಒಡೆತನದಲ್ಲಿದ್ದ ಏರ್ ಇಂಡಿಯಾ ಸಂಸ್ಥೆಯ ಬೋಯಿಂಗ್ 777 ವಿಮಾನವು 9ನೆಯ ತಾರೀಖಿನ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು, ಉತ್ತರ ಧ್ರುವವನ್ನು ಹಾದು, 11ರ ನಸುಕಿನಲ್ಲಿ ಬೆಂಗಳೂರಿಗೆ ಬಂದಿಳಿಯಿತು. ಕ್ಯಾಪ್ಟನ್ ಝೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನಾವರೆ, ಶಿವಾನಿ ಮನ್ಹಾಸ್ ಅವರು ವಿಮಾನವನ್ನು ನಡೆಸಿದರು. ಚಾಲಕ ತಂಡದಲ್ಲಿದ್ದ ಎಲ್ಲರೂ ಮಹಿಳೆಯರೇ ಎಂಬುದು ಆ ಯಾನದ ವಿಶೇಷ. ಅದು ಕ್ರಮಿಸಿದ ದಾರಿ ಸುಮಾರು 16,000 ಕಿಲೋಮೀಟರ್, ತೆಗೆದುಕೊಂಡ ಕಾಲ ಸುಮಾರು 17 ಗಂಟೆ.

ಧ್ರುವಮಾರ್ಗಕ್ಕೆ ವಿಶೇಷ ಸಿದ್ಧತೆ ಬೇಕು. ಧ್ರುವದ ಸಮೀಪದಲ್ಲಿ ಕಾಂತಸೂಚಿಯನ್ನು ನಂಬುವಂತಿಲ್ಲ. ಸಮಭಾಜಕದ ಮೇಲೆ ನೆಲೆನಿಂತ ಉಪಗ್ರಹಗಳು ಅಲ್ಲಿಗೆ ದಿಗಂತದ ಕೆಳಗೆ ಮರೆಯಾಗುವುದರಿಂದ ಸಂಪರ್ಕಕ್ಕೆ ಬೇರೆ ಏರ್ಪಾಡು ಬೇಕಾಗುತ್ತದೆ. ವಿಮಾನದ ಇಂಧನವು ಸಾಮಾನ್ಯವಾಗಿ ಶೂನ್ಯಕ್ಕಿಂತ 40ರಿಂದ 47 ಡಿಗ್ರಿ ಕೆಳಗೆ ಹೆಪ್ಪುಗಟ್ಟತೊಡಗುವುದರಿಂದ ಅದರ ಉಷ್ಣತೆಯ ಮೇಲೆ ಸದಾ ಕಣ್ಣಿಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ತುರ್ತು ಸಂದರ್ಭದಲ್ಲಿ ಇಳಿಯಲು ನಿಲ್ದಾಣಗಳು ಗೊತ್ತಾಗಿರಬೇಕು.

14,000 ಕಿಲೋಮೀಟರಿನ ದಾರಿ 16,000 ಕಿಲೋಮೀಟರ್ ಆದುದೇಕೆ? ಆಕಾಶದಲ್ಲಿ ರಸ್ತೆಯಿಲ್ಲ, ತಿರುವಿಲ್ಲ, ನೇರವಾಗಿ ಹೋಗಬಾರದೇ ಎಂದು ಯಾರಿಗಾದರೂ ತೋರಬಹುದು. ಆಕಾಶದಲ್ಲಿಯೂ ದಾರಿಯನ್ನು ನಿರ್ಧರಿಸುವ ಮೂರು ಸಂಗತಿಗಳಿವೆ: ಬೀಸುವ ಗಾಳಿ, ಕೆಳಗಿನ ನೆಲ ಮತ್ತು ಆ ನೆಲವನ್ನು ಆಳುವ ದೇಶ.

ಗಾಳಿಯ ಪಾಲು

ಹೊಳೆಯಲ್ಲಿ ಹರಿಗೋಲು ನೀರಿನ ಸೆಳೆತದೊಡನೆ ಸಾಗಿದರೆ ಬೇಗ ಹೋಗುತ್ತದೆ, ಎದುರಾಗಿ ಸಾಗಿದರೆ ತಡವಾಗುತ್ತದೆ. ಹುಟ್ಟು ಹಾಕುವವನ ಶ್ರಮ ಎರಡು ಕಡೆಗೂ ಒಂದೇ. ವಿಮಾನದ ಪರಿಸ್ಥಿತಿಯೂ ಹೀಗೆಯೇ. ಭೂಮಿಯಿಂದ ಸುಮಾರು 9ರಿಂದ 12 ಕಿಲೋಮೀಟರ್ ಎತ್ತರದಲ್ಲಿ, ಮಧ್ಯ ಅಕ್ಷಾಂಶಗಳ ಮೇಲೆ, ಪಶ್ಚಿಮದಿಂದ ಪೂರ್ವಕ್ಕೆ ರಭಸವಾಗಿ ಬೀಸುವ ಗಾಳಿಯ ಹೊನಲುಗಳಿವೆ. ಇವುಗಳನ್ನು ಜೆಟ್ ಪ್ರವಾಹಗಳೆನ್ನುತ್ತಾರೆ. ಚಳಿಗಾಲದಲ್ಲಿ ಇವುಗಳ ವೇಗ ಗಂಟೆಗೆ 200 ಕಿಲೋಮೀಟರನ್ನು ಮೀರುವುದು ಅಪರೂಪವಲ್ಲ.

ಜಪಾನಿನ ಹವಾಮಾನ ವಿಜ್ಞಾನಿ ವಸಾಬುರೋ ಓಯಿಶಿ ಅವರು 1920ರ ದಶಕದಲ್ಲಿಯೇ ಬೆಲೂನುಗಳನ್ನು ಹಾರಿಬಿಟ್ಟು ಈ ಗಾಳಿಯನ್ನು ಅಳೆದಿದ್ದರು. ಅವರು ತಮ್ಮ ವರದಿಯನ್ನು ಎಸ್ಪೆರಾಂಟೊ ಎಂಬ ಕೃತಕ ಭಾಷೆಯಲ್ಲಿ ಪ್ರಕಟಿಸಿದ್ದರಿಂದ ಹೊರಗಿನವರ ಗಮನಕ್ಕೆ ಅದು ಹೆಚ್ಚಾಗಿ ಬರಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಪಾನಿನ ಮೇಲೆ ಎತ್ತರದಲ್ಲಿ ಹಾರಿದ ಅಮೆರಿಕದ ಬಾಂಬರ್ ವಿಮಾನಗಳು ಈ ಗಾಳಿಗೆ ಸಿಕ್ಕಿದ ಬಳಿಕ ಅದರ ಬಲ ಎಲ್ಲರಿಗೂ ಅರಿವಾಯಿತು.

ಸಾಮಾನ್ಯವಾಗಿ ದೊಡ್ಡ ಪ್ರಯಾಣಿಕ ವಿಮಾನವು ಗಾಳಿಯಲ್ಲಿ ಗಂಟೆಗೆ ಸುಮಾರು 900 ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. 14,000 ಕಿಲೋಮೀಟರಿಗೆ ಇದು ಸುಮಾರು ಹದಿನೈದೂವರೆ ಗಂಟೆಯ ದಾರಿ. ದಾರಿಯುದ್ದಕ್ಕೂ ಗಂಟೆಗೆ 100 ಕಿಲೋಮೀಟರಿನ ಗಾಳಿ ಹಿಂದಿನಿಂದ ಬೀಸಿದರೆ ನೆಲದ ಮೇಲಿನ ವೇಗ 1,000 ಕಿಲೋಮೀಟರ್ ಆಗಿ ಪ್ರಯಾಣ 14 ಗಂಟೆಗೆ ಮುಗಿಯುತ್ತದೆ. ಅದೇ ಗಾಳಿ ಎದುರಾದರೆ ವೇಗ 800ಕ್ಕೆ ಇಳಿದು ಹದಿನೇಳೂವರೆ ಗಂಟೆ ಬೇಕಾಗುತ್ತದೆ. ದೂರ ಒಂದೇ, ವಿಮಾನ ಒಂದೇ. ಆದರೂ ಮೂರೂವರೆ ಗಂಟೆಯ ವ್ಯತ್ಯಾಸ.

ಇದಕ್ಕೆ ಒಳ್ಳೆಯ ನಿದರ್ಶನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ಮಾರ್ಗ. ಏರ್ ಇಂಡಿಯಾ ಸಂಸ್ಥೆಯು 2015ರ ಡಿಸೆಂಬರಿನಲ್ಲಿ ಆರಂಭಿಸಿದ ಈ ಸೇವೆಯಲ್ಲಿ ಮೊದಲು ವಿಮಾನಗಳು ಅಟ್ಲಾಂಟಿಕ್ ಸಾಗರದ ಮೇಲೆ ಪಶ್ಚಿಮಾಭಿಮುಖವಾಗಿ ಹೋಗುತ್ತಿದ್ದವು. 2016ರ ಅಕ್ಟೋಬರಿನಲ್ಲಿ ಸಂಸ್ಥೆಯು ಹೋಗುವ ದಾರಿಯನ್ನು ಪೆಸಿಫಿಕ್ ಸಾಗರದ ಕಡೆಗೆ ತಿರುಗಿಸಿತು. ದಾರಿ ಸುಮಾರು 1,400 ಕಿಲೋಮೀಟರ್ ಹೆಚ್ಚಿ ಸುಮಾರು 15,300 ಕಿಲೋಮೀಟರ್ ಆಯಿತು. ಆದರೆ ಗಾಳಿ ಬೆನ್ನಿಗೆ ಬಂದುದರಿಂದ ಪ್ರಯಾಣವು ಸುಮಾರು ಹದಿನಾಲ್ಕೂವರೆ ಗಂಟೆಯಲ್ಲಿಯೇ ಮುಗಿದು, ಎರಡು ಗಂಟೆಗಳಷ್ಟು ಉಳಿತಾಯವಾಯಿತು. ಸುತ್ತು ದಾರಿಯೇ ಹತ್ತಿರದ ದಾರಿಯಾದುದು ಹೀಗೆ.

ಕೆಳಗಿನ ನೆಲ

ಎತ್ತರದಲ್ಲಿ ಹಾರುವ ವಿಮಾನದೊಳಗಿನ ಗಾಳಿಯ ಒತ್ತಡ ಹಠಾತ್ತನೆ ಕುಸಿದರೆ, ಪ್ರಯಾಣಿಕರು ಉಸಿರಾಡಬಲ್ಲ ಸುಮಾರು 3,000 ಮೀಟರ್ ಎತ್ತರಕ್ಕೆ ವಿಮಾನವನ್ನು ಬೇಗ ಇಳಿಸಬೇಕಾಗುತ್ತದೆ. ಪ್ರಯಾಣಿಕರಿಗೆ ಒದಗಿಸುವ ಆಮ್ಲಜನಕವು ಕೆಲವೇ ನಿಮಿಷಗಳಿಗೆ ಸಾಲುವಷ್ಟಿರುತ್ತದೆ. ಟಿಬೆಟ್ ಪ್ರಸ್ಥಭೂಮಿಯಲ್ಲಿ ನೆಲವೇ ಸರಾಸರಿ 4,500 ಮೀಟರ್ ಎತ್ತರದಲ್ಲಿದೆ. ಅಲ್ಲಿ ಇಳಿಯಲು ಜಾಗವೆಲ್ಲಿ? ಈ ಕಾರಣದಿಂದ ವಿಮಾನಗಳು ಸಾಮಾನ್ಯವಾಗಿ ಟಿಬೆಟನ್ನು ಬಳಸಿಕೊಂಡು ಹೋಗುತ್ತವೆ.

ಎರಡು ಎಂಜಿನುಗಳ ವಿಮಾನಕ್ಕೆ ಮತ್ತೊಂದು ನಿಯಮವಿದೆ. ಒಂದು ಎಂಜಿನ್ ಕೆಟ್ಟರೆ ಇನ್ನೊಂದರ ಬಲದಿಂದಲೇ ನಿಗದಿಯಾದ ಕಾಲದೊಳಗೆ ಯಾವುದಾದರೊಂದು ನಿಲ್ದಾಣವನ್ನು ಸೇರುವಂತೆ ಮಾರ್ಗವನ್ನು ಗೊತ್ತುಪಡಿಸಬೇಕು. ಈ ನಿಯಮದ ಮಹತ್ವ 2023ರ ಜೂನ್ ತಿಂಗಳಲ್ಲಿ ಕಂಡುಬಂದಿತು. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದ ವಿಮಾನವೊಂದು ಎಂಜಿನ್ ತೊಂದರೆಯಿಂದಾಗಿ ರಷ್ಯಾದ ದೂರಪೂರ್ವದ ಮಗದಾನ್ ನಗರದಲ್ಲಿ ಇಳಿಯಿತು. ಅದರಲ್ಲಿ 216 ಪ್ರಯಾಣಿಕರೂ 16 ಸಿಬ್ಬಂದಿಯೂ ಇದ್ದರು. ಭಾರತದಿಂದ ಬೇರೊಂದು ವಿಮಾನ ಬಂದು ಅವರನ್ನು ಕರೆದೊಯ್ಯುವವರೆಗೆ ಅವರು ಅಲ್ಲಿಯೇ ತಂಗಬೇಕಾಯಿತು. ಪ್ರಯಾಣ ದೀರ್ಘವಾಯಿತು, ಆದರೆ ಎಲ್ಲರೂ ಸುರಕ್ಷಿತವಾಗಿ ಸೇರಿದರು.

ನಡುವಣ ದೇಶಗಳು

1944ರ ಡಿಸೆಂಬರಿನಲ್ಲಿ ಷಿಕಾಗೊ ನಗರದಲ್ಲಿ ಸಹಿಯಾದ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಒಪ್ಪಂದದ ಮೊದಲನೆಯ ವಿಧಿಯು ಪ್ರತಿಯೊಂದು ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದಲ್ಲಿ ಪೂರ್ಣ ಅಧಿಕಾರವಿದೆಯೆಂದು ಒಪ್ಪುತ್ತದೆ. ಆ ಆಕಾಶದಲ್ಲಿ ನಿಗದಿತ ಸೇವೆಯ ವಿಮಾನವು ಹಾರಲು ಒಪ್ಪಿಗೆ ಬೇಕು, ಅದಕ್ಕೆ ಶುಲ್ಕವನ್ನೂ ತೆರಬೇಕು. ದೇಶದೇಶಗಳ ನಡುವೆ ಸ್ನೇಹವಿದ್ದಾಗ ಪ್ರಯಾಣಿಕನಿಗೆ ಇದು ಗೊತ್ತೇ ಆಗುವುದಿಲ್ಲ. ಸಂಬಂಧ ಕೆಟ್ಟಾಗ ಮಾತ್ರ ದಾರಿ ಉದ್ದವಾಗುತ್ತದೆ.

2019ರ ಫೆಬ್ರವರಿ 27ರಿಂದ ಜುಲೈ 16ರವರೆಗೆ ಪಾಕಿಸ್ತಾನವು ತನ್ನ ವಾಯುಪ್ರದೇಶವನ್ನು ಬಹುಮಟ್ಟಿಗೆ ಮುಚ್ಚಿದಾಗ ದೆಹಲಿಯಿಂದ ಯೂರೋಪು, ಅಮೆರಿಕಗಳಿಗೆ ಹೋಗುವ ವಿಮಾನಗಳು ಅರಬ್ಬೀ ಸಮುದ್ರದ ಕಡೆಯಿಂದ ಸುತ್ತಿಕೊಂಡು ಹೋಗಬೇಕಾಯಿತು. ಆ ಅವಧಿಯಲ್ಲಿ, ಜುಲೈ 2ರವರೆಗಿನ ಲೆಕ್ಕದಂತೆ, ಏರ್ ಇಂಡಿಯಾ ಸಂಸ್ಥೆಯೊಂದಕ್ಕೇ 491 ಕೋಟಿ ರೂಪಾಯಿ ನಷ್ಟವಾಯಿತೆಂದು ಸರ್ಕಾರವು ರಾಜ್ಯಸಭೆಗೆ ತಿಳಿಸಿತು. ದೆಹಲಿಯಿಂದ ಇಸ್ತಾಂಬುಲಿಗೆ ತಡೆಯಿಲ್ಲದೆ ಹೋಗಬೇಕಾಗಿದ್ದ ಇಂಡಿಗೊ ವಿಮಾನವು ಇಂಧನಕ್ಕಾಗಿ ದೋಹಾದಲ್ಲಿ ಇಳಿಯಬೇಕಾಯಿತು. 2022ರಲ್ಲಿ ಉಕ್ರೇನ್ ಯುದ್ಧ ಆರಂಭವಾದ ಬಳಿಕ ಯೂರೋಪು ಹಾಗೂ ಅಮೆರಿಕದ ಅನೇಕ ಸಂಸ್ಥೆಗಳಿಗೆ ರಷ್ಯಾದ ಆಕಾಶ ಮುಚ್ಚಿಹೋಯಿತು. 2025ರ ಏಪ್ರಿಲ್ 24ರಂದು ಪಾಕಿಸ್ತಾನವು ಭಾರತದ ವಿಮಾನಗಳಿಗೆ ಮತ್ತೆ ತನ್ನ ಆಕಾಶವನ್ನು ಮುಚ್ಚಿತು. ಅದೇ ತಿಂಗಳ 30ರಂದು ಭಾರತವೂ ಪಾಕಿಸ್ತಾನದ ವಿಮಾನಗಳಿಗೆ ಪ್ರವೇಶವನ್ನು ನಿಲ್ಲಿಸಿತು.

ದಾರಿ ಉದ್ದವಾದರೆ ಇಂಧನ ಹೆಚ್ಚು ಬೇಕು. ಬೋಯಿಂಗ್ 777ರ ಅತಿ ದೂರ ಹಾರಬಲ್ಲ ಮಾದರಿಯು ಸುಮಾರು 1 ಲಕ್ಷ 80 ಸಾವಿರ ಲೀಟರ್ ಇಂಧನವನ್ನು ಹೊರಬಲ್ಲುದು. ಇಂಧನಕ್ಕೂ ತೂಕವಿರುವುದರಿಂದ ಅದನ್ನು ಹೊರಲು ಮತ್ತಷ್ಟು ಇಂಧನ ವ್ಯಯವಾಗುತ್ತದೆ. ಒಂದು ಮಿತಿಯಾಚೆಗೆ ಪ್ರಯಾಣಿಕರನ್ನೋ ಸರಕನ್ನೋ ಕಡಿಮೆ ಮಾಡಬೇಕು, ಇಲ್ಲವೇ ನಡುವೆ ಇಳಿಯಬೇಕು.

ಕಾಲದ ಲೆಕ್ಕ

ವಿಮಾನದ ಟಿಕೆಟಿನಲ್ಲಿ ಮುದ್ರಿತವಾಗುವ ಸಮಯಗಳು ಆಯಾ ಊರಿನ ಗಡಿಯಾರದವು. ಹೊರಡುವ ಸಮಯ ಹೊರಡುವ ಊರಿನದು, ತಲುಪುವ ಸಮಯ ತಲುಪುವ ಊರಿನದು. ಇದನ್ನು ಮರೆತು ಎರಡನ್ನೂ ಕಳೆದು ನೋಡುವವರು ಗೊಂದಲಕ್ಕೆ ಒಳಗಾಗುತ್ತಾರೆ.

ಭೂಮಿಯು 24 ಗಂಟೆಗೆ ಒಮ್ಮೆ, ಅಂದರೆ ಗಂಟೆಗೆ 15 ಡಿಗ್ರಿಯಂತೆ ತಿರುಗುತ್ತದೆ. ಭಾರತದ ಪ್ರಮಾಣ ಕಾಲವು 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಕೊಂಡಿದ್ದು ಗ್ರೀನಿಚ್ ಕಾಲಕ್ಕಿಂತ ಐದೂವರೆ ಗಂಟೆ ಮುಂದಿದೆ. ಸ್ಯಾನ್ ಫ್ರಾನ್ಸಿಸ್ಕೋ ಕಾಲವು ಚಳಿಗಾಲದಲ್ಲಿ ಗ್ರೀನಿಚ್‌ಗಿಂತ 8 ಗಂಟೆ ಹಿಂದಿದೆ. ಆದ್ದರಿಂದ ಚಳಿಗಾಲದಲ್ಲಿ ಭಾರತವು ಹದಿಮೂರೂವರೆ ಗಂಟೆ ಮುಂದಿರುತ್ತದೆ. ಅಲ್ಲಿ ಮಾರ್ಚಿಯ ಎರಡನೆಯ ಭಾನುವಾರದಿಂದ ನವೆಂಬರಿನ ಮೊದಲನೆಯ ಭಾನುವಾರದವರೆಗೆ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ಇಡುವುದರಿಂದ ಆ ಅವಧಿಯಲ್ಲಿ ಅಂತರ ಹನ್ನೆರಡೂವರೆ ಗಂಟೆ ಆಗುತ್ತದೆ.

ಚಳಿಗಾಲದ ಒಂದು ಉದಾಹರಣೆಯನ್ನು ನೋಡೋಣ. ಬೆಂಗಳೂರಿನಿಂದ ಮಧ್ಯಾಹ್ನ 2-30ಕ್ಕೆ ಹೊರಟ ವಿಮಾನವು ಅದೇ ದಿನ ಸಂಜೆ 5 ಗಂಟೆಗೆ ಸ್ಯಾನ್ ಫ್ರಾನ್ಸಿಸ್ಕೋ ತಲುಪುತ್ತದೆಯೆಂದು ಟಿಕೆಟಿನಲ್ಲಿದೆ ಎನ್ನೋಣ. ಎರಡೂವರೆ ಗಂಟೆಯ ಪ್ರಯಾಣವೆಂದು ಇದರ ಅರ್ಥವಲ್ಲ. ಆ ಎರಡೂವರೆ ಗಂಟೆಗೆ ಹದಿಮೂರೂವರೆ ಗಂಟೆ ಕೂಡಿಸಬೇಕು. ನಿಜವಾದ ಕಾಲ 16 ಗಂಟೆ. ಬರುವಾಗ ಲೆಕ್ಕ ಉಲ್ಟಾ ಆಗುತ್ತದೆ. ಅಲ್ಲಿಂದ ಶನಿವಾರ ರಾತ್ರಿ 8-30ಕ್ಕೆ ಹೊರಟು ಹದಿನೇಳೂವರೆ ಗಂಟೆ ಪ್ರಯಾಣ ಮಾಡಿದರೆ, ಅದಕ್ಕೆ ಕಾಲದ ಅಂತರವಾದ ಹದಿಮೂರೂವರೆ ಗಂಟೆಯೂ ಸೇರಿ 31 ಗಂಟೆ ಮುಂದಕ್ಕೆ ಹೋಗಿ, ಬೆಂಗಳೂರಿನಲ್ಲಿ ಸೋಮವಾರ ನಸುಕಿನ 3-30 ಆಗಿರುತ್ತದೆ. ಭಾನುವಾರವೆಂಬುದು ಹೆಚ್ಚುಕಡಿಮೆ ಆಕಾಶದಲ್ಲಿಯೇ ಕಳೆದುಹೋಗುತ್ತದೆ. ಕರೆತರಲು ಬರುವವರಿಗೆ ದಿನಾಂಕವನ್ನು ತಿಳಿಸುವಾಗ, ಸೋಮವಾರದ ಆ ನಸುಕು ಎಂದರೆ ಭಾನುವಾರ ರಾತ್ರಿ ಕಳೆದ ಮೇಲೆ ಬರುವ ಹೊತ್ತು ಎಂಬುದನ್ನು ಬಿಡಿಸಿ ಹೇಳುವುದು ಒಳ್ಳೆಯದು.

ಇನ್ನೊಂದು ಸಂಗತಿ: ವೇಳಾಪಟ್ಟಿಯ ಕಾಲವು ವಿಮಾನವು ತನ್ನ ನಿಲುಗಡೆಯನ್ನು ಬಿಟ್ಟಾಗಿನಿಂದ ಮತ್ತೊಂದು ಕಡೆ ನಿಲುಗಡೆಯನ್ನು ಸೇರುವವರೆಗಿನದು. ಓಡುಹಾದಿಯತ್ತ ಸಾಗುವ, ಸರದಿಗಾಗಿ ಕಾಯುವ ನಿಮಿಷಗಳೂ ಅದರಲ್ಲಿ ಸೇರಿರುತ್ತವೆ. ಹಾರಾಟದ ಕಾಲ ಅದಕ್ಕಿಂತ ಸ್ವಲ್ಪ ಕಡಿಮೆ.

ತಡೆಯಿಲ್ಲದ ಯಾನ ಮತ್ತು ತಂಗುವ ಯಾನ

1948ರ ಜೂನ್ 8ರಂದು ಮುಂಬಯಿಯಿಂದ ಲಂಡನ್ನಿಗೆ ಹೊರಟ ಏರ್ ಇಂಡಿಯಾ ಇಂಟರ್‌ನ್ಯಾಷನಲ್ ಸಂಸ್ಥೆಯ ಮೊದಲ ವಿಮಾನ ‘ಮಲಬಾರ್ ಪ್ರಿನ್ಸೆಸ್’ ಕೈರೊ ಮತ್ತು ಜಿನೀವಾಗಳಲ್ಲಿ ಇಳಿದು ಮುಂದುವರಿಯಿತು. ಅಂದು ನಡುವೆ ತಂಗದೆ ಅಷ್ಟು ದೂರ ಹೋಗುವುದು ಸಾಧ್ಯವಿರಲಿಲ್ಲ. ಇಂದು ಅದು ಸಾಧ್ಯ. ಆದರೂ ಅನೇಕ ಪ್ರಯಾಣಿಕರು ದರ ಮತ್ತು ಅನುಕೂಲಗಳನ್ನು ನೋಡಿ ದುಬೈ, ಫ್ರಾಂಕ್‌ಫರ್ಟ್, ಸಿಂಗಪುರ ಮುಂತಾದೆಡೆ ವಿಮಾನ ಬದಲಿಸಿ ಹೋಗುತ್ತಾರೆ. ಆಗ ಕಾಯುವ ಕಾಲವನ್ನೂ ಸೇರಿಸಿ ಲೆಕ್ಕ ಹಾಕಬೇಕು.

‘ನಾನ್‌ಸ್ಟಾಪ್’ ಮತ್ತು ‘ಡೈರೆಕ್ಟ್’ ಎಂಬ ಎರಡು ಪದಗಳ ಅರ್ಥ ಒಂದೇ ಅಲ್ಲ. ಮೊದಲನೆಯದು ನಡುವೆ ಎಲ್ಲಿಯೂ ಇಳಿಯದ ಯಾನ. ಎರಡನೆಯದರಲ್ಲಿ ಯಾನದ ಸಂಖ್ಯೆ ಒಂದೇ ಇದ್ದರೂ ವಿಮಾನವು ನಡುವೆ ಒಂದು ಕಡೆ ಇಳಿಯಬಹುದು. ಅಲ್ಲದೆ, ಎರಡು ಯಾನಗಳಿಗೂ ಒಂದೇ ಟಿಕೆಟ್ ಇದ್ದರೆ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಮುಂದಿನ ಏರ್ಪಾಡು ಸಾಮಾನ್ಯವಾಗಿ ವಿಮಾನ ಸಂಸ್ಥೆಯ ಹೊಣೆ. ಬೇರೆ ಬೇರೆ ಟಿಕೆಟುಗಳನ್ನು ಕೊಂಡಿದ್ದರೆ ಆ ಹೊಣೆ ಬಹುಮಟ್ಟಿಗೆ ಪ್ರಯಾಣಿಕನ ಮೇಲೆಯೇ ಬೀಳುತ್ತದೆ. ಕೆಲವು ದೇಶಗಳಲ್ಲಿ ವಿಮಾನ ಬದಲಿಸುವುದಕ್ಕೂ ವೀಸಾ ಬೇಕಾಗಬಹುದು.

ಪ್ರಯಾಣಿಕರು ಗಮನಿಸಬೇಕಾದ ಅಂಶಗಳು

ಮನೆಯಿಂದ ಮನೆಗೆ ಬೇಕಾಗುವ ಒಟ್ಟು ಕಾಲವನ್ನು ಲೆಕ್ಕ ಹಾಕಬೇಕು. ಪುಣೆಯವರು ಮುಂಬಯಿಯ ನಿಲ್ದಾಣಕ್ಕೆ ಸುಮಾರು 150 ಕಿಲೋಮೀಟರ್ ಬರಬೇಕು. ಅಂತರರಾಷ್ಟ್ರೀಯ ಯಾನಕ್ಕೆ ಮೂರು ಗಂಟೆ ಮೊದಲು ನಿಲ್ದಾಣದಲ್ಲಿರುವುದು ರೂಢಿ. ಇಳಿದ ಮೇಲೆ ಪಾಸ್‌ಪೋರ್ಟ್ ಮತ್ತು ಸುಂಕದ ತಪಾಸಣೆಗೂ ಸಮಯ ಹಿಡಿಯುತ್ತದೆ. ಹದಿನಾರು ಗಂಟೆಯ ಯಾನವು ಹೀಗೆ ಸುಲಭವಾಗಿ ಒಂದು ಪೂರ್ಣ ದಿನವಾಗುತ್ತದೆ.

ಬಹಳ ಹೊತ್ತು ಅಲುಗಾಡದೆ ಕುಳಿತರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವುಂಟು. ಆಗಾಗ ಎದ್ದು ನಡೆಯುವುದು, ಕುಳಿತಲ್ಲಿಯೇ ಪಾದಗಳನ್ನು ಆಡಿಸುವುದು, ಸಾಕಷ್ಟು ನೀರು ಕುಡಿಯುವುದು ಒಳ್ಳೆಯದು. ದಿನವೂ ಔಷಧಿ ತೆಗೆದುಕೊಳ್ಳುವವರು, ಮುಖ್ಯವಾಗಿ ಇನ್ಸುಲಿನ್ ಬಳಸುವ ಮಧುಮೇಹಿಗಳು, ಯಾವ ಊರಿನ ಗಡಿಯಾರವನ್ನು ಅನುಸರಿಸಬೇಕೆಂಬುದನ್ನು ಹೊರಡುವ ಮೊದಲೇ ವೈದ್ಯರಿಂದ ಕೇಳಿ ತಿಳಿಯಬೇಕು. ಔಷಧಿಗಳನ್ನೂ ವೈದ್ಯರ ಚೀಟಿಯನ್ನೂ ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕು. ನಿದ್ರೆ, ಹಸಿವುಗಳು ಹೊಸ ಊರಿನ ಹಗಲು ರಾತ್ರಿಗಳಿಗೆ ಹೊಂದಿಕೊಳ್ಳಲು ಕೆಲವು ದಿನಗಳು ಬೇಕು. ಇಳಿದ ಮರುದಿನವೇ ಪರೀಕ್ಷೆ, ಸಂದರ್ಶನ ಅಥವಾ ಮುಖ್ಯ ಸಮಾರಂಭಗಳನ್ನು ಇಟ್ಟುಕೊಳ್ಳದಿರುವುದು ಲೇಸು.

ತುರ್ತಾಗಿ ಊರಿಗೆ ಬರಬೇಕಾದವರು ತಲುಪುವ ದಿನಾಂಕವನ್ನು ಭಾರತದ ಕಾಲದಲ್ಲಿಯೇ ಲೆಕ್ಕ ಹಾಕಿ ಮನೆಯವರಿಗೆ ತಿಳಿಸಬೇಕು. ಅಂತ್ಯಕ್ರಿಯೆಯಂಥ ಸಂದರ್ಭದಲ್ಲಿ ಎಷ್ಟು ಹೊತ್ತು ಕಾಯಬೇಕೆಂದು ಊರಿನಲ್ಲಿರುವವರು ತೀರ್ಮಾನಿಸುವುದು ಆ ಒಂದು ಮಾತಿನ ಮೇಲೆಯೇ. ಅಲ್ಲದೆ ಹೊರಡುವ ಮುನ್ನ ಮಾರ್ಗ ಬದಲಾಗಿದೆಯೇ, ನಡುವೆ ಇಂಧನಕ್ಕಾಗಿ ಇಳಿಯಲಿದೆಯೇ ಎಂಬುದನ್ನು ವಿಮಾನ ಸಂಸ್ಥೆಯಿಂದ ವಿಚಾರಿಸಿ ತಿಳಿಯಬೇಕು.

ಎರಡು ಊರುಗಳ ನಡುವಣ ದೂರವನ್ನು ಭೂಮಿಯ ಆಕಾರವು ಒಮ್ಮೆಗೇ ನಿರ್ಧರಿಸಿಬಿಟ್ಟಿದೆ. ಅದು ಬದಲಾಗುವುದಿಲ್ಲ. ಪ್ರಯಾಣದ ಕಾಲವನ್ನು ಮಾತ್ರ ಆ ದಿನದ ಗಾಳಿ, ವಿಮಾನದ ಶಕ್ತಿ ಮತ್ತು ನಡುವಣ ದೇಶಗಳ ಒಪ್ಪಿಗೆ ಇವು ಸೇರಿ ನಿರ್ಧರಿಸುತ್ತವೆ. ಟಿಕೆಟಿನಲ್ಲಿರುವ ಸಮಯವು ಇವುಗಳನ್ನೆಲ್ಲ ಮುಂದಾಗಿ ಅಳೆದು ಬರೆದ ಒಂದು ಅಂದಾಜು. ಇದನ್ನು ಅರಿತು, ಕೆಲವು ಗಂಟೆಗಳ ಅವಕಾಶವನ್ನು ಕೈಯಲ್ಲಿಟ್ಟುಕೊಂಡು ಹೊರಡುವ ಪ್ರಯಾಣಿಕನು ಗಾಬರಿಯಿಲ್ಲದೆ ತನ್ನವರನ್ನು ಸೇರಬಹುದು.